ಪದವಿಗೆ ಮೂರು ವರ್ಷವೋ, ನಾಲ್ಕೋ: ವಿದ್ಯಾರ್ಥಿನಿಯನ್ನು ಕೇಳಿದವರಾರು?

ರಾಜ್ಯದ ಪದವಿ ಶಿಕ್ಷಣ ಮೂರು ವರ್ಷಗಳ ಅಂತರದಲ್ಲಿ ಎರಡು ಬಾರಿ ಮಗ್ಗುಲು ಬದಲಿಸಿತು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೊಳಿಸಿದ ಹೆಗ್ಗಳಿಕೆಯೊಂದಿಗೆ 2021ರಲ್ಲಿ ನಾಲ್ಕು ವರ್ಷದ ಪದವಿ ಬಂದಿತು. 2024ರ ಮೇ ತಿಂಗಳಲ್ಲಿ ಸರ್ಕಾರ, ಪ್ರೊ. ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ, ಮತ್ತೆ ಮೂರು ವರ್ಷಕ್ಕೆ ಮರಳಿತು. ಆಯೋಗದ ಅಂತಿಮ ವರದಿ ಸಲ್ಲಿಕೆಯಾದದ್ದು 2025ರ ಆಗಸ್ಟ್‌ನಲ್ಲಿ. ಹೀಗಾಗಿ 2024-25ರಲ್ಲಿ ಒಂದೇ ಕಾಲೇಜಿನ ಮೊದಲ ವರ್ಷದವರಿಗೆ ಒಂದು ಪಠ್ಯಕ್ರಮ, ಹಿರಿಯರಿಗೆ ಇನ್ನೊಂದು.

ಎರಡೂ ನೀತಿಗಳಿಗೆ ಅವುಗಳದೇ ಸಮರ್ಥನೆಗಳಿವೆ. ಆದರೆ ಇವುಗಳ ಫಲವನ್ನು ಉಣ್ಣಬೇಕಾದವರ ಮಾತು ಎಲ್ಲಿ ದಾಖಲಾಯಿತು?

ವಿಜಯಪುರವನ್ನೇ ನೋಡಿ. 2003ರಲ್ಲಿ ಸ್ಥಾಪನೆಯಾಗಿ, 2017ರಲ್ಲಿ ಅಕ್ಕಮಹಾದೇವಿಯ ಹೆಸರು ಪಡೆದ ರಾಜ್ಯ ಮಹಿಳಾ ವಿಶ್ವವಿದ್ಯಾಲಯ ಇರುವುದು ನಗರದ ಹೊರವಲಯದ ತೊರವಿಯಲ್ಲಿ. ಜಲನಗರದಂತಹ ಬಡಾವಣೆಯ ಹುಡುಗಿಗೆ ಕಾಲೇಜು ಹತ್ತಿರದ್ದು. ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಯವಳಿಗೆ ಅದು ನಿತ್ಯದ ಪಯಣ. 2023ರ ಜೂನ್‌ನಲ್ಲಿ ಆರಂಭವಾದ 'ಶಕ್ತಿ' ಯೋಜನೆ ಬಸ್ಸಿನ ಖರ್ಚನ್ನು ಇಳಿಸಿತು. ಶುಲ್ಕ, ಪುಸ್ತಕ, ಊಟದ ಖರ್ಚು ಇಳಿಯಲಿಲ್ಲ.

ಇಲ್ಲಿಯೇ ವಿದ್ಯಾರ್ಥಿವೇತನದ ಪ್ರಶ್ನೆ ಬರುವುದು. 2021ರಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ ಪ್ರಕಟಿಸಿದ 'ರೈತ ವಿದ್ಯಾನಿಧಿ'ಯಲ್ಲಿ ಪದವಿ ಓದುವ ರೈತರ ಮಗಳಿಗೆ ನಿಗದಿಯಾದದ್ದು ವರ್ಷಕ್ಕೆ 5,500 ರೂಪಾಯಿ, ಮಗನಿಗೆ 5,000. ದೊಡ್ಡ ಮೊತ್ತವೇನಲ್ಲ. ಅದಕ್ಕೂ ತಂದೆತಾಯಿಯ ಹೆಸರು ರೈತರ ನೋಂದಣಿಯಲ್ಲಿರಬೇಕು. ದ್ರಾಕ್ಷಿ ಬೆಳೆಯುವ ತಿಕೋಟಾ ಭಾಗದಲ್ಲಾಗಲಿ ಬೇರೆಡೆಯಾಗಲಿ, ಪಾಲುಪಟ್ಟಿ ಆಗದೆ ಪಹಣಿ ಅಜ್ಜನ ಹೆಸರಿನಲ್ಲೇ ಉಳಿದ ಮನೆಯವರಿಗೆ ಈ ದಾರಿ ಸಲೀಸಲ್ಲ. ಕೇಂದ್ರ ಸರ್ಕಾರವೋ, ಅಲ್ಪಸಂಖ್ಯಾತ ಸಂಶೋಧಕರ ಮೌಲಾನಾ ಆಜಾದ್ ಫೆಲೋಶಿಪ್ ಅನ್ನು 2022ರಲ್ಲಿ ನಿಲ್ಲಿಸಿಯೇ ಬಿಟ್ಟಿತು.

ಹಣ ತಡವಾದರೆ, ಅರ್ಜಿ ತಿರಸ್ಕೃತವಾದರೆ ವಿದ್ಯಾರ್ಥಿನಿ ಯಾರನ್ನು ಕೇಳಬೇಕು? ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘಗಳ ನೇರ ಚುನಾವಣೆ ನಿಂತದ್ದು 1989ರ ಸುಮಾರಿಗೆ. ಅಧ್ಯಾಪಕರು ಆರಿಸಿದ ಪ್ರತಿನಿಧಿ ವಾರ್ಷಿಕೋತ್ಸವದ ವೇದಿಕೆಗೆ ಸಾಕು. ಆಡಳಿತದ ಎದುರು ಕುಳಿತು ಲೆಕ್ಕ ಕೇಳುವ ಅಧಿಕಾರ ಅವಳಿಗೆಲ್ಲಿ?

2022ರ ಹಿಜಾಬ್ ವಿವಾದ ಇದಕ್ಕೆ ಕಹಿ ನಿದರ್ಶನ. ಫೆಬ್ರುವರಿ 5ರಂದು ಸರ್ಕಾರದ ಆದೇಶ, ಮಾರ್ಚ್ 15ರಂದು ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಭಿನ್ನ ತೀರ್ಪು. ಕಾಲೇಜಿನೊಳಗೆ ಕುಳಿತು ಮಾತನಾಡಬಹುದಾಗಿದ್ದ ವಿಷಯ ಬೀದಿಗೆ ಬಂತು, ಕ್ಯಾಮೆರಾಗಳ ಮುಂದೆ ಬಂತು. ಪರವೋ ವಿರೋಧವೋ, ವಿದ್ಯಾರ್ಥಿಗಳು ಪರಸ್ಪರ ವಾದಿಸಲು ಅವರದೇ ಆದ ವೇದಿಕೆ ಇರಲಿಲ್ಲ.

ಚುನಾವಣೆ ಮರಳಿದರೆ ಜಾತಿ, ಪಕ್ಷ, ಹೊಡೆದಾಟಗಳೂ ಮರಳುತ್ತವೆ ಎಂಬ ಪ್ರಾಂಶುಪಾಲರ ಆತಂಕ ಸುಳ್ಳಲ್ಲ. ಆದರೆ ಅದಕ್ಕೆ ಕಡಿವಾಣ ಸಿದ್ಧವಿದೆ. 2006ರ ಲಿಂಗ್ಡೊ ಸಮಿತಿ ಅಭ್ಯರ್ಥಿಯ ವೆಚ್ಚಕ್ಕೆ 5,000 ರೂಪಾಯಿಗಳ ಮಿತಿ ಹಾಕಿತ್ತು, ಶೇ 75 ಹಾಜರಾತಿಯನ್ನು ಕಡ್ಡಾಯ ಮಾಡಿತ್ತು, ಮುದ್ರಿತ ಪೋಸ್ಟರುಗಳನ್ನು ನಿಷೇಧಿಸಿತ್ತು. ಚುನಾವಣೆ ಮರಳಿಸುವ ಮಾತನ್ನು 2025ರ ಕೊನೆಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಆಡಿದರು. ಪಕ್ಷಗಳಿಗೆ ಮರಿ ನಾಯಕರನ್ನು ತಯಾರಿಸುವ ಆಸೆಯೂ ಅದರ ಹಿಂದೆ ಇದ್ದೀತು. ಇರಲಿ. ಮೊದಲ ಪ್ರಯೋಗ ತೊರವಿಯ ಮಹಿಳಾ ವಿಶ್ವವಿದ್ಯಾಲಯದಲ್ಲೇ ನಡೆಯಲಿ. ಆಯ್ಕೆಯಾದವರಿಗೆ ವಿದ್ಯಾರ್ಥಿವೇತನ ಪಾವತಿಯ ಪಟ್ಟಿಯನ್ನು ಪರಿಶೀಲಿಸುವ ಹಕ್ಕೂ ಸಿಗಲಿ.