ಏಳು ವರ್ಷ ಯಾರಿಗಾಗಿ ಸಹಿಸಬೇಕು?

ಮೂವತ್ತು ವರ್ಷ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಹೇಳಿದವಳು ನಾನು. ಪೌರತ್ವದ ಅಧ್ಯಾಯವನ್ನು ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ. ಪೌರತ್ವ ಎಂದರೆ ವ್ಯಕ್ತಿಗೂ ರಾಜ್ಯಕ್ಕೂ ಇರುವ ಸಂಬಂಧ ಎಂದು ಬರೆಸುತ್ತಿದ್ದೆ. ಹೆಣ್ಣಿನ ವಿಷಯದಲ್ಲಿ ಆ ಸಂಬಂಧದ ನಡುವೆ ಗಂಡನೊಬ್ಬ ಬಾಗಿಲು ಕಾಯುತ್ತಾ ನಿಂತಿರುತ್ತಾನೆ ಎಂಬುದು ಪಠ್ಯಪುಸ್ತಕದಲ್ಲಿರಲಿಲ್ಲ. ಅದನ್ನು ನಿವೃತ್ತಿಯ ನಂತರ, ನಮ್ಮ ಹಾರನಹಳ್ಳಿಯಲ್ಲಿ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ಕಲಿತೆ.

ಅವಳ ಅಪ್ಪ ಹೊಗೆಸೊಪ್ಪು ಬೆಳೆಯುವ ರೈತ. ಎರಡು ಎಕರೆ ಹೊಲ ಮಾರಿ ಅಮೆರಿಕದ ಪ್ರಜೆಯಾಗಿದ್ದ ಕನ್ನಡಿಗನಿಗೆ ಮಗಳನ್ನು ಧಾರೆ ಎರೆದುಕೊಟ್ಟರು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಅಲ್ಲಿಗೆ ಹೋದ ಹೆಂಡತಿಗೆ ಎರಡೇ ವರ್ಷದ, ಷರತ್ತಿನ ಗ್ರೀನ್ ಕಾರ್ಡ್ ಸಿಗುತ್ತದೆ. ಷರತ್ತು ತೆಗೆಸಲು ಸಾಮಾನ್ಯವಾಗಿ ಗಂಡ ಹೆಂಡತಿ ಇಬ್ಬರೂ ಸೇರಿ ಅರ್ಜಿ ಹಾಕಬೇಕು. ಆ ಸಹಿಯನ್ನೇ ಅವನು ಮಾರಾಟಕ್ಕಿಟ್ಟ. "ನಿಮ್ಮಪ್ಪ ಉಳಿದ ಹೊಲವನ್ನೂ ಮಾರಲಿ, ಆಮೇಲೆ ಸಹಿ" ಎಂದ. ಕೈ ಮಾಡುವುದು ಮೊದಲೇ ಶುರುವಾಗಿತ್ತು. ಅವಳು ಮನೆ ಬಿಟ್ಟು ಗೆಳತಿಯ ಮನೆ ಸೇರಿದಳು.

ಅವಳ ಅಪ್ಪ ನನ್ನ ಜಗಲಿಯ ಮೇಲೆ ಕೂತು ಹೇಳಿದ ಮಾತು ಇದು: "ಇನ್ನೆರಡು ವರ್ಷ ಹೊಂದ್ಕೊಂಡು ಹೋಗೋಕೆ ನೀವೇ ಹೇಳಿ ಮೇಡಮ್ಮೋರೆ. ಅಲ್ಲಿನ ಪೌರತ್ವ ಒಂದು ಕೈಗೆ ಬಂದ್ಮೇಲೆ ನೋಡ್ಕೊಂಡ್ರಾಯ್ತು."

ಈ ಮಾತನ್ನೇ ನಾನು ವಿರೋಧಿಸುತ್ತೇನೆ. ಮೊದಲು ಕಾಗದ, ಆಮೇಲೆ ಜೀವ ಎನ್ನುವ ಈ ಬುದ್ಧಿವಾದ ಎಷ್ಟು ಹೆಣ್ಣುಮಕ್ಕಳನ್ನು ಒದೆಯುವ ಕಾಲಿನ ಕೆಳಗೆ ಉಳಿಸಿದೆ! ಅದು ನಿಜವೂ ಅಲ್ಲ. ಅಮೆರಿಕದಲ್ಲಿ ಪ್ರಜೆಯ ಹೆಂಡತಿ ಅವನೊಂದಿಗೆ ಬಾಳುತ್ತಿದ್ದರೆ ಗ್ರೀನ್ ಕಾರ್ಡ್ ಬಂದ ಮೂರು ವರ್ಷಕ್ಕೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಬೇರೆಯಾದರೆ ಎಲ್ಲರಂತೆ ಐದು ವರ್ಷ ಕಾಯಬೇಕು, ಅಷ್ಟೆ. ಹೊಡೆತ ತಿಂದವಳು ಗಂಡನ ಸಹಿಯಿಲ್ಲದೆ ತಾನೊಬ್ಬಳೇ ಷರತ್ತು ತೆಗೆಸಿಕೊಳ್ಳಲು ಅರ್ಜಿ ಹಾಕಬಹುದು. 1994ರಲ್ಲಿ ಅಲ್ಲಿ ಬಂದ ಮಹಿಳಾ ದೌರ್ಜನ್ಯ ವಿರೋಧಿ ಕಾನೂನು, ಪ್ರಜೆಯಾದ ಗಂಡನ ಹಿಂಸೆಗೆ ಸಿಕ್ಕವಳು ತಾನೇ ಗ್ರೀನ್ ಕಾರ್ಡ್ ಕೇಳುವ ದಾರಿ ತೆರೆಯಿತು. ಹಾಗೆ ಕಾರ್ಡ್ ಪಡೆದವಳಿಗೆ, ಗಂಡನಿಂದ ದೂರವಿದ್ದರೂ, ಮೂರೇ ವರ್ಷ ಸಾಕೆಂದು 2000ದಲ್ಲಿ ತಿದ್ದುಪಡಿಯಾಯಿತು. ಅಮೆರಿಕ ಹೆಣ್ಣಿನ ಸ್ವರ್ಗವೇನಲ್ಲ. ಆದರೆ ಅಲ್ಲಿನ ಹೆಂಗಸರು ಹೋರಾಡಿ ಇಷ್ಟನ್ನು ಕಾನೂನಿನಲ್ಲಿ ಬರೆಸಿದ್ದಾರೆ.

ನಾವು ಏನು ಬರೆಸಿದ್ದೇವೆ? ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನಲ್ಲೇ ಬೈಲಕುಪ್ಪೆ ಇದೆ. 1960ರ ದಶಕದಿಂದ ಟಿಬೆಟ್ ನಿರಾಶ್ರಿತರು ಅಲ್ಲಿ ನೆಲೆಸಿದ್ದಾರೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ನರು ಹುಟ್ಟಿನಿಂದಲೇ ಭಾರತೀಯರು ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಅದರ ನಂತರ ಹುಟ್ಟಿದ, ತಂದೆತಾಯಿಯರಲ್ಲಿ ಒಬ್ಬರೂ ಪ್ರಜೆಯಲ್ಲದ ಹೆಣ್ಣಿಗೆ ಆ ಹಕ್ಕಿಲ್ಲ. ಅಂಥವಳಾಗಲಿ, ಹೊರದೇಶದಿಂದ ಬಂದ ಸೊಸೆಯಾಗಲಿ ಭಾರತೀಯನ ಕೈ ಹಿಡಿದರೆ, ಮದುವೆಯ ಆಧಾರದಿಂದ ಪೌರತ್ವ ಕೇಳಬೇಕು.

1955ರ ಪೌರತ್ವ ಕಾಯಿದೆ ಈ ದಾರಿಯನ್ನು ಭಾರತೀಯನ ಪತ್ನಿ "ಆಗಿರುವ ಅಥವಾ ಆಗಿದ್ದ" ಹೆಂಗಸರಿಗೆ ಕೊಟ್ಟಿತ್ತು. 1986ರ ತಿದ್ದುಪಡಿ ಅದನ್ನು ಗಂಡಸರಿಗೂ ವಿಸ್ತರಿಸಿ ಐದು ವರ್ಷದ ವಾಸ ಬೇಕೆಂದಿತು. "ಆಗಿದ್ದ" ಎಂಬ ಮಾತು ಆಗಲೂ ಉಳಿದಿತ್ತು. 2003ರ ತಿದ್ದುಪಡಿ ಐದನ್ನು ಏಳು ಮಾಡಿತು, "ಆಗಿದ್ದ" ಎಂಬುದನ್ನು ಕಿತ್ತುಹಾಕಿತು. ಗಂಡ ಹೆಂಡತಿ ಒಂದೇ ಸೂರಿನಡಿ ಇರಬೇಕೆಂದು ಈ ಕಲಮು ಇಂದಿಗೂ ಹೇಳುವುದಿಲ್ಲ. ಏಳು ವರ್ಷದ ವಾಸ ಭಾರತದಲ್ಲಿರಬೇಕು, ಅವನ ಮನೆಯಲ್ಲಲ್ಲ. ಬೇರೆ ಇದ್ದೀಯೆ, ಅರ್ಜಿ ನಡೆಯದು ಎಂದು ಯಾರಾದರೂ ಗದರಿಸಿದರೆ ನಂಬಬೇಡಿ. ಆದರೆ ಗಂಡ ಭಾರತೀಯನೆಂಬ ದಾಖಲೆ ಇರುವುದು ಅವನ ಬೀರುವಿನಲ್ಲಿ. ಇನ್ನು ಅರ್ಜಿಗೆ ಮೊದಲೇ ವಿಚ್ಛೇದನವಾದರೆ ಈ ಬಾಗಿಲೇ ಮುಚ್ಚಿತು. ಉಳಿಯುವುದು ದೇಶೀಕರಣದ ದಾರಿ, ಅದಕ್ಕೆ ಒಟ್ಟು ಹನ್ನೆರಡು ವರ್ಷದ ವಾಸ.

ಏಳು ವರ್ಷ! ಗೆಳತಿಯರೇ, ಈ ಸಂಖ್ಯೆ ನಮಗೆ ಹೊಸದೇ? ಮದುವೆಯಾದ ಏಳು ವರ್ಷದೊಳಗೆ ಹೆಣ್ಣು ಅಸಹಜವಾಗಿ ಸತ್ತು, ಸಾವಿಗೆ ಸ್ವಲ್ಪ ಮೊದಲು ವರದಕ್ಷಿಣೆಗಾಗಿ ಅವಳನ್ನು ಪೀಡಿಸಿದ್ದರೆ ಅದು ವರದಕ್ಷಿಣೆ ಸಾವು ಎಂದು 1986ರಲ್ಲಿ 304ಬಿ ಕಲಮು ಬಂತು. ಇಂದಿನ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಮು ಅದನ್ನೇ ಹೇಳುತ್ತದೆ. ಯಾವ ಏಳು ವರ್ಷ ಸೊಸೆಯ ಜೀವಕ್ಕೆ ಅಪಾಯವೆಂದು ಒಂದು ಕಾನೂನು ಒಪ್ಪಿದೆಯೋ, ಮದುವೆಯಾಗಿ ಈ ದೇಶಕ್ಕೆ ಬಂದವಳು ಅದೇ ಏಳು ವರ್ಷ ಮದುವೆ ಮುರಿಯದೆ ಇರಬೇಕೆಂದು ಇನ್ನೊಂದು ಕಾನೂನು ಕೇಳುತ್ತದೆ. ಸುಳ್ಳು ಮದುವೆ ತಡೆಯಲು ಇದು ಬೇಕೆನ್ನುವವರಿದ್ದಾರೆ. ಸುಳ್ಳು ಮದುವೆಯನ್ನು ವಿಚಾರಣೆ ಮಾಡಿ ಪತ್ತೆ ಹಚ್ಚಿ. ಹಿಂಸೆಯಿಂದ ಮುರಿದ ಮದುವೆ ಸುಳ್ಳಲ್ಲ.

ನಮ್ಮ ಬೇಡಿಕೆ ಚಿಕ್ಕದು. "ಆಗಿದ್ದ" ಎಂಬ ಮಾತನ್ನು ಕಾಯಿದೆಗೆ ಮರಳಿ ಸೇರಿಸಿ. ದೌರ್ಜನ್ಯ ಸಾಬೀತಾದಲ್ಲಿ ಗಂಡನ ಕಾಗದ ಕೇಳಬೇಡಿ, ಅದನ್ನು ಸರ್ಕಾರವೇ ತರಿಸಿಕೊಳ್ಳಲಿ.

ಹೆಣ್ಣು ಹೆತ್ತವರಿಗೂ ಒಂದು ಮಾತು. ಮದುವೆ ನೋಂದಣಿ ಮಾಡಿಸಿ, ಅಳಿಯನ ಪಾಸ್‌ಪೋರ್ಟಿನ ಪ್ರತಿಯನ್ನು ಮಗಳ ಕೈಯಲ್ಲಿಡಿ. ಗಂಡನ ಮನೆಯ ಕ್ರೌರ್ಯ ತಾಳಲಾರದೆ ಹೊರಬಂದ ಹೆಣ್ಣು ತಾನು ಆಶ್ರಯ ಪಡೆದ ಊರಿನಲ್ಲೇ ದೂರು ಕೊಡಬಹುದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಪಿರಿಯಾಪಟ್ಟಣದ ಠಾಣೆಯೂ ಆ ದೂರು ಬರೆದುಕೊಳ್ಳಬೇಕು.

ನನ್ನ ವಿದ್ಯಾರ್ಥಿನಿಗೆ ಹೊಂದಿಕೊಂಡು ಹೋಗೆಂದು ನಾನು ಹೇಳಲಿಲ್ಲ. ಒಬ್ಬಳೇ ಅರ್ಜಿ ಹಾಕಿದ್ದಾಳೆ, ಉತ್ತರ ಇನ್ನೂ ಬಂದಿಲ್ಲ. ಉಳಿದ ಹೊಲ ಅವಳಪ್ಪನ ಹೆಸರಿನಲ್ಲೇ ಇದೆ.