ಅಜ್ಜಿಯ ಕಾರ್ಡು ಓದಿದ್ದೀರಾ?



ಫೋನಿನ ಕಂತು ಯಾವ ತಾರೀಖಿಗೆ ಕಟ್ಟಬೇಕೆಂದು ನಿಮಗೆ ಗೊತ್ತು. ನಾಳೆ ನಿಮ್ಮ ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡರೆ ಆಸ್ಪತ್ರೆ ಬಿಲ್ಲು ಯಾರು ಕಟ್ಟುತ್ತಾರೆ, ಗೊತ್ತೆ? ಗೊತ್ತಿಲ್ಲವಾದರೆ ನಾಚಿಕೆ ಬೇಡ. ಮುಂದೆ ಓದಿ.

2018ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ‘ಆರೋಗ್ಯ ಕರ್ನಾಟಕ’ ತಂದಿತು. ಅದೇ ಅಕ್ಟೋಬರಿನಲ್ಲಿ ಅದು ಕೇಂದ್ರದ ‘ಆಯುಷ್ಮಾನ್ ಭಾರತ್’ ಜೊತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬವೇ? ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಮಿಕ್ಕಿದ್ದು ನಿಮ್ಮ ಜೇಬಿನಿಂದಲೇ. ‘ನಮ್ಮ ಹತ್ರ ಕಾರ್ಡಿದೆ’ ಎಂದು ನಿಶ್ಚಿಂತೆಯಿಂದ ಕೂತವರು ಇದನ್ನು ಇನ್ನೊಮ್ಮೆ ಓದಿಕೊಳ್ಳಿ.

2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ 70 ತುಂಬಿದವರಿಗಾಗಿ ‘ಆಯುಷ್ಮಾನ್ ವಯ ವಂದನಾ’ ಕಾರ್ಡು ತಂದಿತು. ಇದಕ್ಕೆ ಬಡವ, ಶ್ರೀಮಂತ ಎಂಬ ಭೇದವಿಲ್ಲ. ಹಳೆಯ ಕಾಯಿಲೆಗೂ ಕಾಯಬೇಕಿಲ್ಲ. ಆದರೆ 5 ಲಕ್ಷ ತಲೆಗಲ್ಲ, ಮನೆಗೆ. ಅಜ್ಜ ಅಜ್ಜಿ ಇಬ್ಬರೂ ಅದನ್ನೇ ಹಂಚಿಕೊಳ್ಳಬೇಕು. ದಾಖಲಾದರೆ ಮಾತ್ರ ಹಣ. ದಿನನಿತ್ಯದ ಬಿಪಿ, ಸಕ್ಕರೆ ಕಾಯಿಲೆ ಮಾತ್ರೆಗೆ ಇಲ್ಲ. ವಯಸ್ಸಿಗೆ ಆಧಾರವೇ ಸಾಕ್ಷಿ. ಎಷ್ಟೋ ಹಿರಿಯರ ಆಧಾರಿನಲ್ಲಿ ಹುಟ್ಟಿದ ದಿನ ಜನವರಿ 1! ವರ್ಷ ತಪ್ಪಿದ್ದರೆ ಇವತ್ತೇ ತಿದ್ದಿಸಿ.

ಈ ಯೋಜನೆಗೆ ಕೇಂದ್ರ ಶೇ. 60, ರಾಜ್ಯ ಶೇ. 40 ಹಣ ಹಾಕಬೇಕು. ದುಡ್ಡು ಇಬ್ಬರದು, ಯೋಜನೆ ನಡೆಸುವುದು ರಾಜ್ಯ. ಆದ್ದರಿಂದ ಕೈಯಲ್ಲಿ ಕಾರ್ಡಿದ್ದರೆ ಸಾಲದು. ‘ಯಾವ ಯೋಜನೆಯಡಿ, ಎಷ್ಟು ಹಣ, ನಾವು ಕಟ್ಟುವುದೆಷ್ಟು?’ ಎಂದು ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯ ಮಿತ್ರನನ್ನು ಕೇಳಿ. ನಮ್ಮ ರಾಜ್ಯದ ಯೋಜನೆಯಲ್ಲಿ ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆಗದ್ದಕ್ಕೆ ಅವರೇ ಚೀಟಿ ಕೊಟ್ಟು ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಕಳಿಸುತ್ತಾರೆ. ತುರ್ತು ಚಿಕಿತ್ಸೆಗೆ ಚೀಟಿ ಬೇಡ. ಚೀಟಿಯಿಲ್ಲದೆ ದೊಡ್ಡಾಸ್ಪತ್ರೆಗೆ ಓಡಿ ಹಣ ಕಳೆದುಕೊಳ್ಳಬೇಡಿ.

ಅರವತ್ತರಿಂದ ಎಪ್ಪತ್ತರ ನಡುವಿನ ಎಪಿಎಲ್ ಹಿರಿಯರದೇ ನಿಜವಾದ ಕಷ್ಟ. ಕೂಲಿಯವರ ಕಾರ್ಡೂ ಇಲ್ಲ, ಎಪ್ಪತ್ತೂ ಆಗಿಲ್ಲ. ಇವರ ಮಕ್ಕಳು ವಿಮೆ ಮಾಡಿಸಲೇಬೇಕು. 65 ದಾಟಿದವರಿಗೂ ಕಂಪನಿಗಳು ಪಾಲಿಸಿ ಕೊಡಬಹುದೆಂದು 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ದಾರಿ ಮಾಡಿದೆ. ಹಳೆಯ ಕಾಯಿಲೆಗೆ ಕಾಯಿಸುವ ಅವಧಿ ಈಗ ಮೂರು ವರ್ಷಕ್ಕಿಂತ ಹೆಚ್ಚಿರುವಂತಿಲ್ಲ. ಕಾಯಿಲೆ ಮುಚ್ಚಿಟ್ಟು ಸಹಿ ಹಾಕಿಸಬೇಡಿ. ಕ್ಲೇಮು ತಿರಸ್ಕರಿಸಲು ಅದೇ ನೆಪವಾಗುತ್ತದೆ.

ಇನ್ನೊಂದು ಮಾತು. ಅರ್ಜಿ, ಒಪ್ಪಿಗೆ ಪತ್ರ, ಪಾಲಿಸಿ ಎಲ್ಲ ಇಂಗ್ಲಿಷಿನಲ್ಲಿ ಬಂದರೆ ಕನ್ನಡ ಮಾತ್ರ ಬಲ್ಲ ಅಪ್ಪ ಏನು ಓದಿ ಸಹಿ ಹಾಕಬೇಕು? ಅರ್ಥವಾಗದ ಕಾಗದಕ್ಕೆ ಹಾಕಿದ ಹೆಬ್ಬೆಟ್ಟು ಒಪ್ಪಿಗೆಯಲ್ಲ, ಅಸಹಾಯಕತೆ. ‘ಕನ್ನಡದಲ್ಲಿ ಬರೆದುಕೊಡಿ, ಕನ್ನಡದಲ್ಲಿ ವಿವರಿಸಿ’ ಎಂದು ಕೌಂಟರಿನಲ್ಲಿ ಗಟ್ಟಿಯಾಗಿ ಕೇಳಿ. ನಾಮಫಲಕದಲ್ಲಿ ಕನ್ನಡ ಕೇಳುವ ನಾವು ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿದರೆ ಹೇಗೆ?

ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಆಧಾರ್, ರೇಷನ್ ಕಾರ್ಡು ಎದುರಿಟ್ಟುಕೊಂಡು ಅಜ್ಜಿಯ ಪಕ್ಕ ಕೂತು ಓದಿ. ಸಂಶಯ ಬಂದರೆ 14555ಕ್ಕೆ ಫೋನ್ ಮಾಡಿ. ಆಮೇಲೆ ಪಕ್ಕದ ಮನೆಯ ಅಜ್ಜನನ್ನೂ ವಿಚಾರಿಸಿ. ಇದೂ ಕನ್ನಡದ ಕೆಲಸವೇ!