ಕೀಬೋರ್ಡ್ ತೆರೆದ ಮೇಲೆ ಉಳಿಯುವ ಪರದೆ

ಕಳೆದ ಮಳೆಗಾಲದಲ್ಲಿ ಧಾರವಾಡದಿಂದ ಅವ್ವ ಫೋನ್ ಮಾಡಿದಳು. ಬಿ.ಪಿ.ಗೆ ಹೊಸ ಮಾತ್ರೆ ಶುರುವಾದ ಮೇಲೆ ಕಾಲು ಬಾತುಕೊಂಡಿದೆ, ಡಾಕ್ಟರಿಗೆ ತಿಳಿಸಬೇಕು. ಆಸ್ಪತ್ರೆಯವರು ಅದಕ್ಕೆಂದೇ ಒಂದು ಆ್ಯಪ್ ಹಾಕಿಕೊಟ್ಟಿದ್ದರು. ‘ನಿಮ್ಮ ತೊಂದರೆ ಬರೆಯಿರಿ’ ಎಂಬಲ್ಲಿ ಅವಳು ಕನ್ನಡದಲ್ಲೇ ಎಲ್ಲ ಬರೆದಿದ್ದಾಳೆ. ಕಳಿಸುವ ಬಟನ್ ಮಾತ್ರ ಸಿಗುತ್ತಿಲ್ಲ.

“ಕೆಳಗ ಐತಿ ನೋಡವಾ, ನೀಲಿ ಬಣ್ಣದ್ದು.”

“ಕೆಳಗ ಬರೇ ಕೀಬೋರ್ಡ್ ಐತಿ. ಬಟನ್ ಎಲ್ಲೂ ಇಲ್ಲಪಾ.”

ಪುಣೆಯಲ್ಲಿ ಕೂತು ಅದೇ ಆ್ಯಪನ್ನು ನನ್ನ ಫೋನಿನಲ್ಲಿ ತೆರೆದೆ. ಬಟನ್ ಇತ್ತು. ಇದೆ ಎಂದು ನಾನು, ಇಲ್ಲ ಎಂದು ಅವಳು. ಹತ್ತು ನಿಮಿಷ ಇದೇ ಆಯಿತು. ಕೊನೆಗೆ, ಬ್ಯಾಕ್ ಒತ್ತಿ ಕೀಬೋರ್ಡ್ ಮುಚ್ಚು ಎಂದೆ. ಅವಸರದಲ್ಲಿ ಎರಡು ಸಲ ಒತ್ತಿದಳು. ಮೊದಲನೆಯದಕ್ಕೆ ಕೀಬೋರ್ಡ್ ಹೋಯಿತು, ಎರಡನೆಯದಕ್ಕೆ ಪುಟವೇ ಹೋಯಿತು. “ಬರ್ದದ್ದೆಲ್ಲಾ ಹೋತಲ್ಲೋ” ಎಂದವಳು ಮತ್ತೆ ಬರೆಯಲಿಲ್ಲ. ಯಾರನ್ನೂ ಕೇಳದೆ ಮಾತ್ರೆ ಬಿಟ್ಟಿದ್ದಾಳೆ ಎಂದು ನನಗೆ ತಿಳಿದದ್ದು ಎರಡು ವಾರದ ನಂತರ.

ದಸರೆಗೆ ಪುಣೆಗೆ ಬಂದಾಗ ಅವಳ ಫೋನ್ ಕೈಗೆ ತೆಗೆದುಕೊಂಡು ನೋಡಿದೆ. ಅವಳು ಹೇಳಿದ್ದು ಸರಿಯಾಗಿತ್ತು. ನನ್ನದಕ್ಕಿಂತ ಗಿಡ್ಡ ಫೋನು, ಕಣ್ಣಿಗೆ ಅನುಕೂಲವಾಗಲೆಂದು ದೊಡ್ಡದು ಮಾಡಿದ ಅಕ್ಷರ, ಮೇಲೆ ಪದಸೂಚನೆಯ ಪಟ್ಟಿಯಿರುವ ಕನ್ನಡ ಕೀಬೋರ್ಡ್. ಇವೆಲ್ಲ ಸೇರಿದರೆ ಬಟನ್ ಕೀಬೋರ್ಡಿನ ಅಡಿಗೆ ಹೋಗುತ್ತದೆ. ಪುಟವನ್ನು ಮೇಲಕ್ಕೆ ಎಳೆಯೋಣವೆಂದರೆ ಅದು ಕದಲುವುದಿಲ್ಲ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಆ್ಯಪ್ ಕಟ್ಟುವುದೇ ನನ್ನ ಹೊಟ್ಟೆಪಾಡು. ಇಂಥ ದೂರುಗಳು ನನ್ನ ಮೇಜಿಗೂ ಬಂದಿವೆ. ನನ್ನ ಫೋನಿನಲ್ಲಿ ತೆರೆದು ನೋಡಿ, ‘ನಮ್ಮಲ್ಲಿ ಹೀಗಾಗುತ್ತಿಲ್ಲ’ ಎಂದು ಬರೆದು ಮುಚ್ಚಿಹಾಕಿದ್ದೇನೆ. ಅವ್ವನೊಂದಿಗೆ ಆ ಹತ್ತು ನಿಮಿಷ ನಾನು ಮಾಡಿದ್ದೂ ಅದನ್ನೇ.

ನಾವು ಸಾಮಾನ್ಯವಾಗಿ ಮರೆಯುವುದು, ಕೀಬೋರ್ಡ್ ಎಂಬುದು ಆ್ಯಪಿನ ಭಾಗವಲ್ಲ ಎಂಬುದನ್ನು. ಆಂಡ್ರಾಯ್ಡ್‌ನಲ್ಲಿ ಅದು ಬೇರೆಯೇ ಒಂದು ಪ್ರೋಗ್ರಾಮ್. ಯಾರು ಯಾವುದನ್ನು ಹಾಕಿಕೊಂಡಿದ್ದಾರೆ, ಅದರ ಎತ್ತರ ಎಷ್ಟು, ಅಂಕಿಗಳ ಸಾಲು ಇದೆಯೇ ಎಂಬುದು ಆ್ಯಪ್ ಬರೆಯುವವನಿಗೆ ಮೊದಲೇ ತಿಳಿದಿರುವುದಿಲ್ಲ. ಹಾಗಾಗಿ ‘ಕೀಬೋರ್ಡಿಗೆ ಇಷ್ಟು ಜಾಗ ಸಾಕು’ ಎಂದು ಒಂದು ಅಂಕಿ ಬರೆದಿಟ್ಟರೆ ಅದು ಎಲ್ಲೋ ಒಂದು ಕಡೆ ತಪ್ಪಿಯೇ ತಪ್ಪುತ್ತದೆ. ಕೀಬೋರ್ಡ್ ತೆರೆದ ಮೇಲೆ ಎಷ್ಟು ಜಾಗ ಉಳಿಯಿತೆಂದು ಕೇಳಿ ತಿಳಿದು ಪುಟವನ್ನು ಹೊಂದಿಸಬೇಕು.

ಆಂಡ್ರಾಯ್ಡ್‌ನಲ್ಲಿ ಇದಕ್ಕೆ ಮೊದಲಿನಿಂದ ಎರಡು ದಾರಿಗಳಿವೆ. ಅಡ್ಜಸ್ಟ್‌ರಿಸೈಜ್ ಎಂದರೆ ಉಳಿದ ಜಾಗಕ್ಕೆ ತಕ್ಕಂತೆ ಪುಟ ಕುಗ್ಗುತ್ತದೆ. ಅಡ್ಜಸ್ಟ್‌ಪ್ಯಾನ್ ಎಂದರೆ ಬರೆಯುತ್ತಿರುವ ಜಾಗ ಕಾಣುವಷ್ಟು ಇಡೀ ಪುಟ ಮೇಲಕ್ಕೆ ಸರಿಯುತ್ತದೆ. ಎರಡನೆಯದರಲ್ಲಿ ತಲೆಬರಹ ಪರದೆಯಾಚೆ ಹೋಗುತ್ತದೆ, ಕೆಳಗಿನ ಬಟನ್ ಅಡಿಯಲ್ಲೇ ಉಳಿಯುತ್ತದೆ. 2020ರ ಆಂಡ್ರಾಯ್ಡ್ 11ರಿಂದ ಕೀಬೋರ್ಡಿನ ಎತ್ತರವನ್ನು ನೇರವಾಗಿ ಕೇಳಿ ಪಡೆದು, ಅದು ಏಳುವಾಗಲೇ ಜೊತೆಜೊತೆಗೆ ಪುಟವನ್ನು ಸರಿಸಲೂ ಬರುತ್ತದೆ. ಐಫೋನಿನಲ್ಲಿ 2021ರ ಐಒಎಸ್ 15ರಿಂದ ‘ಕೀಬೋರ್ಡ್ ಲೇಔಟ್ ಗೈಡ್’ ಇದೆ. ಬಟನ್ನನ್ನು ಅದಕ್ಕೆ ಕಟ್ಟಿಬಿಟ್ಟರೆ ಕೀಬೋರ್ಡ್ ಏರಿದಂತೆ ಬಟನ್ನೂ ಏರುತ್ತದೆ.

ಅಂದರೆ ಸಲಕರಣೆಗಳಿಗೆ ಕೊರತೆಯಿಲ್ಲ. ಆದರೆ ನೆಲ ಆಗಾಗ ಸರಿಯುತ್ತದೆ. 2022ರಲ್ಲಿ ಕ್ರೋಮ್ 108 ಬಂದಾಗ, ಆಂಡ್ರಾಯ್ಡ್ ಫೋನುಗಳಲ್ಲಿ ಕೀಬೋರ್ಡ್ ತೆರೆದರೆ ವೆಬ್ ಪುಟದ ವಿನ್ಯಾಸ ಕುಗ್ಗುವುದು ನಿಂತು, ಕಾಣುವ ಭಾಗವಷ್ಟೇ ಕುಗ್ಗತೊಡಗಿತು. ಪುಟದ ತಳಕ್ಕೆ ಅಂಟಿಸಿದ್ದ ಬಟನ್ನುಗಳು ಕೀಬೋರ್ಡಿನ ಹಿಂದೆ ಉಳಿದವು. ಹಳೆಯ ರೀತಿ ಬೇಕೆಂದರೆ ಒಂದು ಸಾಲಿನ ಸೂಚನೆ ಸಾಕು, ಆದರೆ ಅದನ್ನು ಬರೆಯಲು ಯಾರಾದರೂ ಗಮನಿಸಿರಬೇಕು. 2024ರ ಆಂಡ್ರಾಯ್ಡ್ 15ಕ್ಕೆಂದು ಸಿದ್ಧಪಡಿಸುವ ಆ್ಯಪುಗಳು ಪರದೆಯ ಅಂಚಿನಿಂದ ಅಂಚಿಗೆ ಹರಡಿಕೊಳ್ಳುತ್ತವೆ. ಅಲ್ಲಿ ಅಡ್ಜಸ್ಟ್‌ರಿಸೈಜ್ ಎಂದು ಬರೆದು ನಿಶ್ಚಿಂತೆಯಿಂದ ಕೂರುವಂತಿಲ್ಲ, ಕೀಬೋರ್ಡಿನ ಜಾಗವನ್ನು ನಾವೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಿನ್ನೆ ಸರಿಯಿದ್ದ ಪುಟ, ನಾವು ಏನೂ ಕೆಡಿಸದಿದ್ದರೂ ನಾಳೆ ಕೆಡಬಹುದು.

ಇದು ಎಲ್ಲ ಭಾಷೆಯವರಿಗೂ ಇರುವ ತೊಂದರೆ. ಆದರೆ ಕನ್ನಡದಲ್ಲಿ ಬರೆಯುವವರಿಗೆ ಪೆಟ್ಟು ಹೆಚ್ಚು. ನಮ್ಮ ಸಾಲಿಗೆ ಎತ್ತರ ಬೇಕು, ಒತ್ತಕ್ಷರ ಕೆಳಗೆ ಇಳಿಯುತ್ತದೆ. ನಮ್ಮ ಪದಗಳು ಉದ್ದ. ‘ತೆಗೆದುಕೊಳ್ಳುತ್ತಿದ್ದೇನೆ’ ಎಂಬ ಒಂದೇ ಪದ, ಅಕ್ಷರ ದೊಡ್ಡದಿದ್ದರೆ, ಗಿಡ್ಡ ಫೋನಿನಲ್ಲಿ ಮುಕ್ಕಾಲು ಸಾಲು ನುಂಗುತ್ತದೆ. ನಾಲ್ಕು ವಾಕ್ಯಕ್ಕೆ ಎಂಟು ಸಾಲಾಗುತ್ತದೆ, ಡಬ್ಬಿ ಬೆಳೆಯುತ್ತದೆ, ಬಟನ್ ಇನ್ನೂ ಕೆಳಗೆ ಹೋಗುತ್ತದೆ. ನಮ್ಮಲ್ಲಿ ಅನೇಕರು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವವರು. ‘ಹಣ’ ಎನ್ನಲು ಹೋಗಿ ‘ಹನ’ ಆಯಿತೇ ಎಂದು ಪಟ್ಟಿಯನ್ನೂ ನೋಡಬೇಕು, ಬರೆದದ್ದನ್ನೂ ನೋಡಬೇಕು. ಬರೆದದ್ದೇ ಕಾಣದಿದ್ದರೆ ಕನ್ನಡ ಬಿಟ್ಟು ಇಂಗ್ಲಿಷ್ ಅಕ್ಷರದಲ್ಲೇ ‘ಕಾಲು ಬಾವು’ ಎಂದು ಬರೆದು ಮುಗಿಸುತ್ತೇವೆ. ‘ಕನ್ನಡದಲ್ಲಿ ಯಾರು ಟೈಪ್ ಮಾಡ್ತಾರೆ?’ ಎಂದು ಕೇಳುವವರು ಇದನ್ನೂ ಯೋಚಿಸಬೇಕು.

ಬಾಯಲ್ಲಿ ಹೇಳಿದರೆ ಫೋನೇ ಬರೆದುಕೊಳ್ಳುತ್ತದಲ್ಲ ಎನ್ನುವ ಗೆಳೆಯರಿದ್ದಾರೆ. ಬರೆದುಕೊಳ್ಳುತ್ತದೆ ನಿಜ. ಆದರೆ ಅವ್ವನ ಧಾರವಾಡದ ಮಾತು ಅದಕ್ಕೆ ಎಲ್ಲ ಸಲ ದಕ್ಕುವುದಿಲ್ಲ. ಮೈಮೇಲಿನ ಕಾಯಿಲೆಯನ್ನು ಮನೆಯಲ್ಲಿ ನಾಲ್ಕು ಜನರಿದ್ದಾಗ ಗಟ್ಟಿಯಾಗಿ ಹೇಳಲು ಎಲ್ಲರಿಗೂ ಮನಸ್ಸಾಗುವುದೂ ಇಲ್ಲ. ಸಣ್ಣ ತಂಡಕ್ಕೆ ಇಷ್ಟೆಲ್ಲ ನೋಡಲು ಪುರುಸೊತ್ತಿಲ್ಲ ಎನ್ನುವವರೂ ಇದ್ದಾರೆ. ಕೊನೆಯಲ್ಲಿ ತೇಪೆ ಹಚ್ಚಲು ಹೊರಟರೆ ಸಮಯ ಹಿಡಿಯುವುದು ನಿಜ. ಮೊದಲೇ ಯೋಚಿಸಿದರೆ ಅಷ್ಟು ಹಿಡಿಯುವುದಿಲ್ಲ.

ನನ್ನ ವಾದ ಇಷ್ಟೇ. ಬರೆಯುವ ಜಾಗವಿರುವ ಪುಟವನ್ನು ಕೀಬೋರ್ಡ್ ತೆರೆದ ಸ್ಥಿತಿಯಲ್ಲೇ ಮೊದಲು ಚಿತ್ರಿಸಬೇಕು. ಬಳಸುವವರು ಆ ಪುಟದಲ್ಲಿ ಹೆಚ್ಚು ಹೊತ್ತು ಇರುವುದು ಆ ಸ್ಥಿತಿಯಲ್ಲೇ. ಆದರೂ ನಾವು ಪೂರ್ತಿ ಪರದೆಯ ಚಿತ್ರ ಬರೆದು ಒಪ್ಪಿಗೆ ಪಡೆಯುತ್ತೇವೆ, ಕೀಬೋರ್ಡ್ ನಮಗೆ ಕರೆಯದೆ ಬಂದ ನೆಂಟನಂತೆ ಕಾಣುತ್ತದೆ. ಉಳಿದ ಅರ್ಧ ಪರದೆಯಲ್ಲಿ ಪ್ರಶ್ನೆ, ಬರೆಯುತ್ತಿರುವ ಸಾಲು, ಕಳಿಸುವ ಬಟನ್ ಈ ಮೂರೂ ಕಾಣಬೇಕು. ಹಿಡಿಸದೇ ಹೋದರೆ ಪುಟ ಬೆರಳಿಗೆ ಸರಿಯುವಂತಿರಬೇಕು. ತಪ್ಪಿ ಹೊರಗೆ ಹೋದರೂ ಬರೆದದ್ದು ಉಳಿದಿರಬೇಕು. ಆ್ಯಪ್ ಹೊರಬೀಳುವ ಮುನ್ನ, ಗಿಡ್ಡ ಫೋನಿನಲ್ಲಿ ದೊಡ್ಡ ಅಕ್ಷರವಿಟ್ಟು ಕನ್ನಡ ಕೀಬೋರ್ಡಿನಲ್ಲಿ ಎಂಟು ಸಾಲು ಬರೆದು ಒಬ್ಬರಾದರೂ ನೋಡಬೇಕು.

ಓದುಗರಲ್ಲೂ ಒಂದು ಕೋರಿಕೆ. ಹೀಗಾದಾಗ ‘ನನಗೇ ಬರುವುದಿಲ್ಲ’ ಎಂದು ಫೋನ್ ಕೆಳಗಿಡಬೇಡಿ. ಕೀಬೋರ್ಡ್ ತೆರೆದಿರುವಾಗಲೇ ಸ್ಕ್ರೀನ್‌ಶಾಟ್ ತೆಗೆದು, ಯಾವ ಫೋನ್, ಯಾವ ಕೀಬೋರ್ಡ್, ಅಕ್ಷರ ದೊಡ್ಡದು ಮಾಡಿದ್ದೀರಾ ಎಂಬ ಮೂರು ವಿವರ ಸೇರಿಸಿ ಆ್ಯಪಿನವರಿಗೆ ಕಳಿಸಿ. ನನ್ನಂಥವನು ‘ನಮ್ಮಲ್ಲಿ ಹೀಗಾಗುತ್ತಿಲ್ಲ’ ಎಂದು ಬರೆಯುವುದು ಆಗ ಕಷ್ಟವಾಗುತ್ತದೆ.

ಅವ್ವನ ಮಾತ್ರೆಯನ್ನು ಡಾಕ್ಟರು ಬದಲಾಯಿಸಿದರು, ಬಾವು ಇಳಿಯಿತು. ಅಂಥದೊಂದು ಚಿತ್ರವನ್ನು ಆಸ್ಪತ್ರೆಗೆ ನಾನೂ ಕಳಿಸಿದ್ದೇನೆ. ಆ್ಯಪ್ ಇನ್ನೂ ಹಾಗೇ ಇದೆ. ಈಗ ಅವ್ವ ನನಗೆ ಫೋನ್ ಮಾಡಿ ಹೇಳುತ್ತಾಳೆ, ನಾನು ಪುಣೆಯಿಂದ ಬರೆದು ಕಳಿಸುತ್ತೇನೆ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳ ಅಕ್ಷರ ತಿದ್ದಿದವಳು ಅವಳು.